ಗುಂಡಿಗೆಯ ತಂತಿ, ಗುಂಡಿಗೆಯ ಓಲೆ

ಊರಿಂದ ಊರಿಗೆ ಸಮಾಚಾರ ಮುಟ್ಟಿಸುವುದಕ್ಕೆ ನಮ್ಮ ಜನ ಬಹುಕಾಲ ಎರಡು ಮಾರ್ಗಗಳನ್ನು ನಂಬಿದ್ದರು. ಒಂದು ತಂತಿ, ಇನ್ನೊಂದು ಓಲೆ. ತಂತಿ ಬೇಗ ಬರುತ್ತಿತ್ತು; ಆದರೆ ಅದರಲ್ಲಿ ಇರುತ್ತಿದ್ದುದು ನಾಲ್ಕೇ ಮಾತು. "ಕೂಡಲೆ ಹೊರಟು ಬಾ" ಎಂದಷ್ಟೇ ಇದ್ದರೆ, ಏಕೆ, ಏನಾಯಿತು, ಎಷ್ಟು ಕಷ್ಟ ಎಂಬುದೊಂದೂ ತಿಳಿಯುತ್ತಿರಲಿಲ್ಲ. ಓಲೆಯಾದರೋ ನಿಧಾನವಾಗಿ ಬರುತ್ತಿತ್ತು. ಮನೆಯ ಕಷ್ಟಸುಖವೆಲ್ಲ ಅದರಲ್ಲಿ ಇರುತ್ತಿತ್ತು. ನಮ್ಮ ದೇಶದ ತಂತಿಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ನಿಮ್ಮ, ನಮ್ಮ, ಎಲ್ಲರ ಎದೆಯೊಳಗೆ ತಂತಿಯೂ ಓಲೆಯೂ ಹಗಲಿರುಳೆನ್ನದೆ ಇಂದಿಗೂ ನಡೆಯುತ್ತಲೇ ಇವೆ. ವೈದ್ಯರು ಮೊದಲು ಓದಲು ಕಲಿತದ್ದು ತಂತಿಯನ್ನು. ಓಲೆ ಎಂಬುದೊಂದು ಇದೆಯೆಂದು ತಿಳಿಯುವುದಕ್ಕೆ ಅವರಿಗೆ ಇನ್ನೂ ಹಲವು ದಶಕಗಳು ಹಿಡಿದವು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಇ.ಸಿ.ಜಿ. ಎಂಬ ಹೆಸರನ್ನು ಕೇಳದ ಮನೆ ಈಗ ಪಟ್ಟಣಗಳಲ್ಲಿ ವಿರಳ. ಸಣ್ಣ ಸಣ್ಣ ಚೌಕಗಳ ಕಾಗದ, ಅದರ ಮೇಲೆ ಏರಿಳಿಯುವ ಗೆರೆ, ಕೆಳಗೆ ಒಂದೆರಡು ಇಂಗ್ಲಿಷ್ ಪದ. ಆ ಪದಗಳು ಕೆಲವೊಮ್ಮೆ "ಬಂಡಲ್ ಬ್ರಾಂಚ್ ಬ್ಲಾಕ್" ಎಂದಿರುತ್ತವೆ. ಓದಿದವರ ಎದೆ ಧಸಕ್ಕೆನ್ನುತ್ತದೆ. ರಕ್ತನಾಳವೇ ಕಟ್ಟಿಕೊಂಡಿತೆಂದು ಭಾವಿಸುವವರೇ ಹೆಚ್ಚು. ಹಾಗಲ್ಲ; ಕಟ್ಟಿರುವುದು ರಕ್ತದ ದಾರಿಯಲ್ಲ, ವಿದ್ಯುತ್ತಿನ ದಾರಿ. ಅದೇ ಮೂರು ಪದಗಳ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ದಶಕಗಳ ಕಾಲ ನೆಮ್ಮದಿಯಾಗಿ ಓಡಾಡಿದವರು ಇದ್ದಾರೆ. ಕೆಲವೇ ವರ್ಷಗಳಲ್ಲಿ ಮನೆಯ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತ ಕುಳಿತವರೂ ಇದ್ದಾರೆ. ಯಾರ ಪಾಲಿಗೆ ಯಾವುದು ಎಂಬುದನ್ನು ಗೆರೆಯೊಂದೇ ಹೇಳಲಾರದು. ಪ್ರಶ್ನೆ ಇರುವುದು ಇಲ್ಲಿಯೇ.

ಮೊದಲು ಗುಂಡಿಗೆಯ ಪರಿಚಯವಾಗಲಿ. ಹೃದಯ ಎಂಬ ಪದವನ್ನು ಬೃಹದಾರಣ್ಯಕ ಉಪನಿಷತ್ತು ಮೂರು ಅಕ್ಷರಗಳಾಗಿ ಬಿಡಿಸಿ ಅರ್ಥ ಹೇಳುತ್ತದೆಂಬುದನ್ನು ಸಂಸ್ಕೃತ ಬಲ್ಲವರು ಅರಿತಿದ್ದಾರೆ: ತರುವುದು, ಕೊಡುವುದು, ಹೋಗುವುದು. ಅಲ್ಲಿನ ತಾತ್ಪರ್ಯ ಬೇರೆ, ಶರೀರಶಾಸ್ತ್ರವಲ್ಲ. ಆದರೂ ರಕ್ತವನ್ನು ತಂದುಕೊಂಡು, ಕೊಟ್ಟು, ಮತ್ತೆ ಮತ್ತೆ ಹೊರಡುವ ಈ ಯಂತ್ರಕ್ಕೆ ಆ ನಿರುಕ್ತಿ ಎಷ್ಟು ಚೆನ್ನಾಗಿ ಒಪ್ಪುತ್ತದೆ! ನಮ್ಮ ಕನ್ನಡಿಗರಂತೂ ಗುಂಡಿಗೆ ಎಂಬ ಒಂದೇ ಮಾತಿನಲ್ಲಿ ಅವಯವವನ್ನೂ ಧೈರ್ಯವನ್ನೂ ಸೇರಿಸಿಬಿಟ್ಟಿದ್ದಾರೆ. ಈ ಗುಂಡಿಗೆಗೆ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಕೋಣೆಗಳು. ಮೇಲಿನವು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಮೇಲಿನವು ಮೊದಲು ಕುಗ್ಗಿ ರಕ್ತವನ್ನು ಕೆಳಗಿಳಿಸಬೇಕು. ಕ್ಷಣಕಾಲ ತಡೆದು ಕೆಳಗಿನವು ಕುಗ್ಗಿ ಅದನ್ನು ಹೊರಗೆ ದೂಡಬೇಕು. ಈ ತಾಳ ತಪ್ಪದಂತೆ ನೋಡಿಕೊಳ್ಳುವುದೇ ವಿದ್ಯುತ್ತಿನ ಕೆಲಸ.

ತಾಳ ತಪ್ಪಿದ ರೋಗಿಗಳನ್ನು ವೈದ್ಯರು ಕಂಡದ್ದು ವಿದ್ಯುತ್ತಿನ ಕಾರಣ ತಿಳಿಯುವುದಕ್ಕೆ ಬಹಳ ಮುಂಚೆ. ಇಟಲಿಯ ಮೋರ್ಗಾನಿ 1761ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ನಾಡಿ ಅತಿ ನಿಧಾನವಾಗಿ ನಡೆದು ಪದೇ ಪದೇ ಮೂರ್ಛೆ ಹೋಗುತ್ತಿದ್ದ ರೋಗಿಯ ವಿಷಯವನ್ನು ಬರೆದಿದ್ದಾನೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ರಾಬರ್ಟ್ ಆಡಮ್ಸ್ 1827ರಲ್ಲಿಯೂ ವಿಲಿಯಂ ಸ್ಟೋಕ್ಸ್ 1846ರಲ್ಲಿಯೂ ಇಂಥವರನ್ನೇ ವರ್ಣಿಸಿದರು. ಹಿಂದೆ ಇಂಥ ಮೂರ್ಛೆಯನ್ನು ಮಿದುಳಿನ ರೋಗವೆಂದು, ಅಪಸ್ಮಾರವೆಂದು ಎಣಿಸುತ್ತಿದ್ದರು. ದೋಷವಿರುವುದು ತಲೆಯಲ್ಲಲ್ಲ, ಎದೆಯಲ್ಲಿ ಎಂದು ಇವರು ತೋರಿಸಿಕೊಟ್ಟರು. ಸ್ಟೋಕ್ಸ್ ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಿದ. ರೋಗಿಯ ಮಣಿಕಟ್ಟಿನ ನಾಡಿ ನಿಧಾನವಾಗಿದ್ದರೂ ಕತ್ತಿನ ಸಿರೆಗಳು ಅದರ ದುಪ್ಪಟ್ಟು ವೇಗದಲ್ಲಿ ಮಿಡಿಯುತ್ತಿದ್ದವು. ಎಂದರೆ ಮೇಲಿನ ಕೋಣೆಗಳು ತಮ್ಮ ಪಾಡಿಗೆ ತಾವು ಬಡಿಯುತ್ತಿವೆ, ಕೆಳಗಿನವುಗಳಿಗೆ ಆ ಸುದ್ದಿ ಮುಟ್ಟುತ್ತಿಲ್ಲ. ಈ ಕತ್ತಿನ ಸಿರೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಸುದ್ದಿ ಹೋಗುವ ದಾರಿ ಯಾವುದು? ಅದನ್ನು ಕಂಡುಹಿಡಿದವರು ಹಿಡಿದದ್ದು ತುದಿಯಿಂದ ಬುಡಕ್ಕೆ, ಎಂದರೆ ಹಿಮ್ಮುಖವಾಗಿ. 1839ರಲ್ಲಿ ಬ್ರೆಸ್ಲಾವ್ ನಗರದಲ್ಲಿದ್ದ ಬೊಹೀಮಿಯಾದ ವಿದ್ವಾಂಸ ಪುರ್ಕಿನ್ಯೆ, ಕುರಿಯ ಗುಂಡಿಗೆಯ ಕೆಳಕೋಣೆಯ ಒಳಪೊರೆಯ ಕೆಳಗೆ ಬೂದುಬಣ್ಣದ ಎಳೆಗಳ ಬಲೆಯೊಂದನ್ನು ಕಂಡ. ಅದು ಏತಕ್ಕಾಗಿ ಇದೆಯೆಂದು ಆಗ ಯಾರಿಗೂ ತಿಳಿಯಲಿಲ್ಲ. 1880ರ ದಶಕದಲ್ಲಿ ಕೇಂಬ್ರಿಜ್ಜಿನ ಗ್ಯಾಸ್ಕೆಲ್ ಆಮೆಯ ಹೃದಯವನ್ನು ಕೊಯ್ದು, ಮಿಡಿತವು ಸ್ನಾಯುವಿನಿಂದ ಸ್ನಾಯುವಿಗೆ ಅಲೆಯಂತೆ ಸಾಗುತ್ತದೆಂದೂ ನಡುವೆ ತಡೆಯೊಡ್ಡಿದರೆ ನಿಲ್ಲುತ್ತದೆಂದೂ ತೋರಿಸಿದ. "ಬ್ಲಾಕ್" ಎಂಬ ಮಾತು ವೈದ್ಯಶಾಸ್ತ್ರಕ್ಕೆ ಬಂದದ್ದು ಅವನಿಂದ. 1893ರಲ್ಲಿ ಲೈಪ್ಸಿಗ್ಗಿನ ವಿಲ್ಹೆಲ್ಮ್ ಹಿಸ್, ಮೇಲಿನ ಕೋಣೆಗಳನ್ನು ಕೆಳಗಿನವುಗಳೊಂದಿಗೆ ಜೋಡಿಸುವ ಸಣ್ಣದೊಂದು ಎಳೆಗಟ್ಟನ್ನು ಗುರುತಿಸಿದ. ಸೇತುವೆ ಸಿಕ್ಕಿತು. ಆದರೆ ಆ ಸೇತುವೆಯ ಆಚೆ ರಸ್ತೆ ಎಲ್ಲಿಗೆ ಹೋಗುತ್ತದೆ?

ಇದಕ್ಕೆ ಉತ್ತರ ಕೊಟ್ಟವನು ಏಷ್ಯದವನೆಂಬುದನ್ನು ನಾವು ವಿಶೇಷವಾಗಿ ನೆನೆಯಬೇಕು. ಜಪಾನಿನ ಸುನಾವೋ ತವಾರಾ ಎಂಬ ತರುಣ ವೈದ್ಯ 1903ರಲ್ಲಿ ಜರ್ಮನಿಯ ಮಾರ್ಬುರ್ಗಿಗೆ ಬಂದು ಆಶೋಫ್ ಎಂಬ ಪ್ರಾಧ್ಯಾಪಕನ ಕೈಕೆಳಗೆ ಸೇರಿದ. ಗುರು ಮೊದಲು ಒಪ್ಪಿಸಿದ ಕೆಲಸವೇ ಬೇರೆ: ಸತ್ತವರ ಹೃದಯಗಳಲ್ಲಿ ಉರಿಯೂತದ ಗುರುತುಗಳನ್ನು ಹುಡುಕುವುದು. ತವಾರಾ ಹಿಸ್‌ನ ಎಳೆಗಟ್ಟನ್ನು ಹಿಡಿದು, ಕಾಗದದಷ್ಟು ತೆಳುವಾದ ಪದರಗಳನ್ನು ಒಂದಾದಮೇಲೊಂದರಂತೆ ಕೊಯ್ದು ನೋಡುತ್ತ ನಡೆದ. ಆ ಕಟ್ಟಿಗೆ ಬುಡದಲ್ಲಿ ಒಂದು ಗಂಟು ಇದೆ. ಕೆಳಗೆ ಅದು ಎಡಕ್ಕೊಂದು ಬಲಕ್ಕೊಂದು ಕವಲಾಗಿ ಒಡೆಯುತ್ತದೆ. ಕವಲುಗಳು ಮತ್ತೆ ಮತ್ತೆ ಒಡೆದು ಕೊನೆಯಲ್ಲಿ ಅರವತ್ತೇಳು ವರ್ಷ ಹಿಂದೆ ಪುರ್ಕಿನ್ಯೆ ಕಂಡಿದ್ದ ಬಲೆಯೇ ಆಗುತ್ತವೆ. ಬೇರೆ ಬೇರೆಯೆಂದು ತಿಳಿದಿದ್ದುದೆಲ್ಲ ಒಂದೇ ಮರ! 1906ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅದೇ ವರ್ಷದ ಬೇಸಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಳ್ಳಿಯೊಂದರಲ್ಲಿ, ಆರ್ಥರ್ ಕೀತ್ ಮಹಾಶಯ ಹೆಂಡತಿಯೊಡನೆ ಸೈಕಲ್ ಸವಾರಿಗೆ ಹೋಗಿದ್ದಾಗ, ಅವನ ಶಿಷ್ಯ ಮಾರ್ಟಿನ್ ಫ್ಲ್ಯಾಕ್ ನೆಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ನೋಡುತ್ತ ಕುಳಿತಿದ್ದ. ಬಲಗಡೆಯ ಮೇಲ್ಕೋಣೆಯ ಗೋಡೆಯಲ್ಲಿ ಅವನಿಗೆ ಮಿಡಿತದ ಉಗಮಸ್ಥಾನವೇ ಸಿಕ್ಕಿತು. 1907ರಲ್ಲಿ ಗುರುಶಿಷ್ಯರಿಬ್ಬರೂ ಅದನ್ನು ಪ್ರಕಟಿಸಿದರು. ಹೀಗೆ ತಂತಿಯ ಕಛೇರಿ, ಕಂಬ, ಕವಲು, ಎಲ್ಲವೂ ಗೊತ್ತಾದವು.

ಇನ್ನು ತಂತಿಯ ಭಾಷೆ. ಲಂಡನ್ನಿನ ಆಗಸ್ಟಸ್ ವಾಲರ್ 1887ರಲ್ಲಿಯೇ ಮನುಷ್ಯನ ಹೃದಯದ ವಿದ್ಯುತ್ತನ್ನು ಚರ್ಮದ ಮೇಲಿನಿಂದಲೇ ಗುರುತಿಸಿದ್ದ. ಅವನ ಬಳಿ ಜಿಮ್ಮಿ ಎಂಬ ಬುಲ್‌ಡಾಗ್ ಜಾತಿಯ ನಾಯಿ ಇತ್ತು. ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಟ್ಟು ಅದು ಸಮಾಧಾನವಾಗಿ ನಿಂತರೆ, ಅದರ ಹೃದಯದ ಮಿಡಿತವನ್ನು ಸಭೆಗೆ ತೋರಿಸುತ್ತಿದ್ದ. 1909ರಲ್ಲಿ ರಾಯಲ್ ಸೊಸೈಟಿಯ ಕೂಟದಲ್ಲಿ ನಡೆದ ಈ ಪ್ರದರ್ಶನದ ಬಗೆಗೆ, ನಾಯಿಗೆ ಹಿಂಸೆಯಾಯಿತೆಂದು ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಸಮುದ್ರದ ದಡದಲ್ಲಿ ಕಾಲು ನೆನೆಸಿಕೊಂಡರೆ ಆಗುವಷ್ಟೇ ಹಿಂಸೆ ಎಂಬರ್ಥದ ಉತ್ತರವನ್ನು ಮಂತ್ರಿಗಳು ಕೊಟ್ಟರು. ವಿಚಿತ್ರವೆಂದರೆ, ಈ ವಿದ್ಯೆಗೆ ಆಸ್ಪತ್ರೆಗಳಲ್ಲಿ ವಿಶೇಷ ಉಪಯೋಗವೇನೂ ಆಗಲಾರದೆಂದು 1911ರಲ್ಲಿ ವಾಲರನೇ ಹೇಳಿದ್ದ. ದಾರಿ ತೆರೆದವರಿಗೇ ಮುಂದೆ ಊರಿರುವುದು ಕೆಲವೊಮ್ಮೆ ಕಾಣುವುದಿಲ್ಲ.

ಆ ಊರನ್ನು ಕಂಡವನು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವನ್. ಹುಟ್ಟಿದ್ದು 1860ರಲ್ಲಿ, ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕದೆಳೆಗೆ ಬೆಳ್ಳಿಯ ಲೇಪ ಕೊಟ್ಟು, ಅದನ್ನು ಪ್ರಬಲವಾದ ಅಯಸ್ಕಾಂತದ ನಡುವೆ ಕಟ್ಟಿದ. ಹೃದಯದ ಅತ್ಯಲ್ಪ ವಿದ್ಯುತ್ತು ಹರಿದಾಗ ಎಳೆ ಅಲುಗುತ್ತಿತ್ತು. ಅದರ ನೆರಳು ಛಾಯಾಫಲಕದ ಮೇಲೆ ಗೆರೆಯಾಗುತ್ತಿತ್ತು. ಇಂದು ಕೈಯಲ್ಲಿ ಹಿಡಿಯಬಹುದಾದ ಈ ಯಂತ್ರ ಆಗ ಸುಮಾರು 270 ಕಿಲೋಗ್ರಾಂ ತೂಗುತ್ತಿತ್ತು. ನಡೆಸುವುದಕ್ಕೆ ಐದು ಜನ ಬೇಕು. ಅದನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ, ರೋಗಿಯನ್ನು ಅಲ್ಲಿಗೆ ತರುವುದೂ ಕಷ್ಟ. ಆದುದರಿಂದ ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ತನ್ನ ಪ್ರಯೋಗಶಾಲೆಗೆ ತಂತಿ ಎಳೆಸಿ, 1905ರಲ್ಲಿ ರೋಗಿಯ ಹೃದಯದ ಗೆರೆಯನ್ನು ದೂರದಿಂದಲೇ ಬರೆಸಿಕೊಂಡ. ರೇಡಿಯೋ ಕೇಳುವ ನಮಗೆ ಇನ್ನೊಂದು ಸಂಗತಿ ಹೆಚ್ಚು ರುಚಿಸೀತು. ಮುಂದೆ ಐಂತೋವನ್ ತನ್ನ ಮಗನೊಡನೆ ಸೇರಿ ಆ ಎಳೆಯನ್ನು ಇನ್ನೂ ಸೂಕ್ಷ್ಮಗೊಳಿಸಿ, ಜಾವಾದಿಂದ ಬರುವ ನಿಸ್ತಂತು ಸಂದೇಶಗಳನ್ನು ಹಾಲೆಂಡಿನಲ್ಲಿ ಹಿಡಿಯುವುದಕ್ಕೆ ಬಳಸಿದ. ಆ ಪ್ರಸಾರಕೇಂದ್ರದ ಹೆಸರು ಮಲಬಾರ್. ನಮ್ಮ ಕೇರಳದ ಮಲಬಾರವಲ್ಲ, ಬಾಂಡುಂಗ್ ಬಳಿಯ ಒಂದು ಬೆಟ್ಟ. ಎದೆಯ ಮಿಡಿತವನ್ನೂ ಸಾಗರದಾಚೆಯ ಸುದ್ದಿಯನ್ನೂ ಒಂದೇ ಬಗೆಯ ಎಳೆ ಹಿಡಿಯಿತು. 1924ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು.

ಇಷ್ಟು ನಿಖರವಾದ ಯಂತ್ರ ದೊರೆತ ಮೇಲೂ ಓದುವವರು ತಪ್ಪಿದರು. 1909ರ ಸುಮಾರಿಗೆ ನಾಯಿಗಳ ಹೃದಯದಲ್ಲಿ ಒಂದೊಂದು ಕವಲನ್ನು ಕತ್ತರಿಸಿ, ಇಂಥ ಗೆರೆ ಬಂದರೆ ಎಡಗವಲು ಕೆಟ್ಟಿದೆ, ಇಂಥದು ಬಂದರೆ ಬಲಗವಲು ಎಂದು ನಿಶ್ಚಯಿಸಿದ್ದರು. ನಾಯಿಯ ಹೃದಯ ಎದೆಯಲ್ಲಿ ಕುಳಿತಿರುವ ರೀತಿಯೇ ಬೇರೆ, ಮನುಷ್ಯನದೇ ಬೇರೆ. ಸುಮಾರು ಇಪ್ಪತ್ತು ವರ್ಷ ಪ್ರಪಂಚದ ವೈದ್ಯರೆಲ್ಲ ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ಓದಿದರು. 1930ರ ಆಸುಪಾಸಿನಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಫ್ರಾಂಕ್ ವಿಲ್ಸನ್ ಮತ್ತು ಅವನ ಜೊತೆಗಾರರು ಇದನ್ನು ತಿದ್ದಿದರು. ಇದು ಬರಿಯ ಹೆಸರಿನ ತಂಟೆಯಲ್ಲ. ಬಲಗವಲಿನ ತಡೆ ಬಹುಮಂದಿಯಲ್ಲಿ ನಿರುಪದ್ರವಿಯಾಗಿ ಇದ್ದುಬಿಡುತ್ತದೆ. ಎಡಗವಲಿನ ತಡೆಯ ಹಿಂದೆ ಹೃದಯದ ಬೇರೆ ಕಾಯಿಲೆ ಅಡಗಿರುವುದು ಹೆಚ್ಚು. ಎರಡನ್ನೂ ಅದಲುಬದಲು ಮಾಡಿದರೆ ಅಂಜಬೇಕಾದವನು ನಿಶ್ಚಿಂತನಾಗಿಯೂ ನಿಶ್ಚಿಂತನಾಗಿರಬೇಕಾದವನು ಅಂಜುತ್ತಲೂ ಬಾಳುತ್ತಾನೆ.

ಪೂರ್ತಿ ತಂತಿ ಕಡಿದವರಿಗೆ ಪರಿಹಾರ ದೊರೆತದ್ದು 1950ರ ದಶಕದ ಕೊನೆಯಲ್ಲಿ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಪೇಸ್‌ಮೇಕರ್ ಪೆಟ್ಟಿಗೆಗಳು ಅದಕ್ಕೆ ಮುಂಚೆಯೇ ಇದ್ದವು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನ್ನಿಯಾಪೊಲಿಸ್ ಪ್ರದೇಶದಲ್ಲಿ ವಿದ್ಯುತ್ ಸರಬರಾಜು ನಿಂತುಹೋಯಿತು. ಅಂಥ ಪೆಟ್ಟಿಗೆಗಳು ಎಷ್ಟು ಅಪಾಯದ ಆಧಾರವೆಂದು ಎಲ್ಲರಿಗೂ ಮನವರಿಕೆಯಾಯಿತು. ಶಸ್ತ್ರವೈದ್ಯ ಲಿಲಿಹೈ ಕೇಳಿಕೊಂಡ ಮೇಲೆ, ಯಂತ್ರ ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕನ್ ಎಂಬಾತ ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದನ್ನು ತಿರುವಿಹಾಕಿದ. ಸಂಗೀತಗಾರರಿಗೆ ತಾಳ ಹಾಕಿಕೊಡುವ ಟ್ರಾನ್ಸಿಸ್ಟರ್ ಯಂತ್ರದ ನಕ್ಷೆಯೊಂದು ಅದರಲ್ಲಿತ್ತು. ಅದನ್ನೇ ಬದಲಿಸಿ, ಬ್ಯಾಟರಿಯಿಂದ ನಡೆಯುವ, ಕೊರಳಿಗೆ ತೂಗುಹಾಕಿಕೊಳ್ಳಬಹುದಾದ ಪುಟ್ಟ ಪೆಟ್ಟಿಗೆಯನ್ನು ಕೆಲವೇ ವಾರಗಳಲ್ಲಿ ಮಾಡಿದ. ಟ್ರಾನ್ಸಿಸ್ಟರ್ ನಮ್ಮ ಮನೆಗಳಿಗೆ ಹಾಡು ತಂದಿತೆಂದು ಮಾತ್ರ ಬಲ್ಲೆವು. ಅದು ಎಷ್ಟೋ ಎದೆಗಳಿಗೆ ತಾಳವನ್ನೂ ತಂದಿತು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಸೆನ್ನಿಂಗ್ ಎಂಬ ಶಸ್ತ್ರವೈದ್ಯನೂ ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರನೂ ಕೂಡಿ ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೇ ಯಂತ್ರವನ್ನು ಹುದುಗಿಸಿದರು. ಬೂಟ್‌ಪಾಲಿಷ್ ಡಬ್ಬಿಯನ್ನು ಅಚ್ಚಾಗಿ ಮಾಡಿಕೊಂಡು ಎರಕ ಹೊಯ್ದ ಯಂತ್ರ ಅದು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಆದರೆ ಲಾರ್ಸನ್ 2001ರವರೆಗೆ, 86ನೆಯ ವಯಸ್ಸಿನವರೆಗೆ ಬದುಕಿದ. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳು ಅವನಲ್ಲಿ ಬದಲಾಗಿದ್ದವು.

ಇಲ್ಲಿಗೆ ಕಥೆ ಮುಗಿಯಿತೆಂದು ಆ ಕಾಲದವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಒಂದು ಸಂಶಯ ಉಳಿದೇ ಇತ್ತು. 1925ರಲ್ಲಿಯೇ ಅಮೆರಿಕದ ಕಾರ್ಲ್ ವಿಗ್ಗರ್ಸ್ ತೋರಿಸಿದ್ದ: ಹೃತ್ಕುಕ್ಷಿಯನ್ನು ಸಹಜವಾದ ಎಳೆಗಳ ಮೂಲಕ ಎಚ್ಚರಿಸದೆ ಹೊರಗಿನಿಂದ ಎಲ್ಲೋ ಒಂದು ಕಡೆ ಚುಚ್ಚಿ ಎಚ್ಚರಿಸಿದರೆ ಅದು ಕುಗ್ಗುತ್ತದೇನೋ ನಿಜ, ಆದರೆ ನಿಧಾನವಾಗಿ, ದುರ್ಬಲವಾಗಿ. ಕಾರಣ ಸುಲಭವಾಗಿ ಗ್ರಹಿಸಬಹುದು. ತೇರು ಎಳೆಯುವಾಗ ಹಗ್ಗ ಹಿಡಿದವರೆಲ್ಲ ಒಂದೇ ಕೂಗಿಗೆ ಜಗ್ಗಿದರೆ ತೇರು ಮುಂದೆ ಸಾಗುತ್ತದೆ. ಬಲಗಡೆಯವರು ಮೊದಲು ಜಗ್ಗಿ, ಅವರು ಸಡಿಲಬಿಟ್ಟ ಮೇಲೆ ಎಡಗಡೆಯವರು ಜಗ್ಗಿದರೆ? ಬೆವರು ಅಷ್ಟೇ ಸುರಿಯುತ್ತದೆ, ತೇರು ಮಾತ್ರ ಓಲಾಡುತ್ತದೆ. ಎಡಗವಲು ಕೆಟ್ಟ ಹೃದಯದಲ್ಲಿ ಆಗುವುದು ಇದೇ. ಮೊದಲು ಕುಗ್ಗಿದ ಭಾಗ, ಇನ್ನೂ ಸುದ್ದಿ ಮುಟ್ಟದ ಗೋಡೆಯನ್ನು ಸುಮ್ಮನೆ ಹಿಗ್ಗಿಸುತ್ತದೆ. ತಡವಾಗಿ ಎಚ್ಚೆತ್ತ ಆ ಗೋಡೆ ಹೆಚ್ಚಿನ ಭಾರ ಹೊರುತ್ತದೆ. ಪೇಸ್‌ಮೇಕರಿನ ತಂತಿಯನ್ನು ಬಲಗಡೆಯ ಕೆಳಕೋಣೆಯ ತುದಿಯಲ್ಲಿ ಊರಿದರೂ ಇದೇ ಬಗೆಯ ಅಡ್ಡಾದಿಡ್ಡಿಯಾಗುತ್ತದೆ. ಇ.ಸಿ.ಜಿ. ಕಾಗದದಲ್ಲಿ ಒಂದು ಸಣ್ಣ ಚೌಕವೆಂದರೆ ಸೆಕೆಂಡಿನ 25ನೆಯ ಒಂದು ಭಾಗ. ಕೆಳಕೋಣೆಗಳ ಗೆರೆ ಅಂಥ ಮೂರು ಚೌಕಗಳನ್ನು ಮೀರಿ ಅಗಲವಾದರೆ ಸುದ್ದಿ ತಡವಾಗುತ್ತಿದೆ ಎಂದರ್ಥ. ಎಷ್ಟು ತಡ ಎಂಬುದನ್ನು ಕಾಗದ ಹೇಳುತ್ತದೆ. ಆ ತಡದಿಂದ ಗೋಡೆಗೆ ಎಷ್ಟು ದಣಿವಾಗುತ್ತಿದೆ ಎಂಬುದನ್ನು ಹೇಳುವುದಿಲ್ಲ.

ಅದನ್ನು ಹೇಳುವ ಓಲೆ ರಕ್ತದಲ್ಲಿ ಹರಿಯುತ್ತಿತ್ತು. ರಕ್ತದಲ್ಲಿ ಹೃದಯದ ಸುದ್ದಿ ಹುಡುಕಬಹುದೆಂಬ ಯೋಚನೆ 1954ರಲ್ಲಿ ನ್ಯೂಯಾರ್ಕಿನಲ್ಲಿ ಫಲಿಸಿತು: ಹೃದಯಾಘಾತವಾದಾಗ ಸತ್ತ ಸ್ನಾಯುವಿನಿಂದ ಟ್ರಾನ್ಸ್‌ಅಮಿನೇಸ್ ಎಂಬ ಕಿಣ್ವ ಸೋರಿ ರಕ್ತಕ್ಕೆ ಬರುವುದನ್ನು ಅಳೆದರು. ಇಂದು ಅದರ ಸ್ಥಾನದಲ್ಲಿ ಟ್ರೋಪೋನಿನ್ ಪರೀಕ್ಷೆ ಇದೆ. ಎಡಗವಲು ಕೆಟ್ಟವರ ಇ.ಸಿ.ಜಿ.ಯಲ್ಲಿ ಹೃದಯಾಘಾತವನ್ನು ಗುರುತಿಸುವುದು ಕಷ್ಟವಾದುದರಿಂದ ಅಂಥವರಿಗೆ ಈ ಪರೀಕ್ಷೆ ಹೆಚ್ಚಿನ ನೆರವು. ಆದರೆ ಇದು ಗಾಯದ ಗುರುತು, ಸತ್ತವರ ಪಟ್ಟಿ. ಬದುಕಿದ್ದು ದಣಿಯುತ್ತಿರುವ ಸ್ನಾಯು ತಾನಾಗಿ ಬರೆಯುವ ಪತ್ರ ಬೇರೆಯೇ ಇದೆ.

ಆ ಪತ್ರದ ಎರಡು ತುಣುಕುಗಳು 1956ರಲ್ಲಿ, ಒಂದೇ ವರ್ಷ, ಬೇರೆ ಬೇರೆ ಕಡೆ ಸಿಕ್ಕಿದವು. ಬ್ರೂನೋ ಕಿಷ್ ಎಂಬಾತ ಗಿನಿ ಹಂದಿಯ ಹೃತ್ಕರ್ಣದ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕಪ್ಪು ಕಪ್ಪು ಹರಳುಗಳು ಕಂಡವು. ಅಂಥ ಹರಳುಗಳು ಇರಬೇಕಾದದ್ದು ರಸ ಸ್ರವಿಸುವ ಗ್ರಂಥಿಗಳಲ್ಲಿ. ಬರಿಯ ರೇಚಕಯಂತ್ರವೆನಿಸಿದ್ದ ಗುಂಡಿಗೆಯಲ್ಲಿ ಅವುಗಳಿಗೇನು ಕೆಲಸ? ಅದೇ ವರ್ಷ ಹೆನ್ರಿ, ಗೌವರ್ ಮೊದಲಾದವರು ನಾಯಿಯ ಎಡ ಹೃತ್ಕರ್ಣದಲ್ಲಿ ಸಣ್ಣ ಬಲೂನನ್ನು ಉಬ್ಬಿಸಿದಾಗ, ಅದು ಹೆಚ್ಚು ಮೂತ್ರ ವಿಸರ್ಜಿಸಿತು. ಗುಂಡಿಗೆ ಹಿಗ್ಗಿದರೆ ಮೂತ್ರಪಿಂಡಕ್ಕೆ ಹೇಗೆ ಗೊತ್ತಾಗುತ್ತದೆ? ಹರಳು ಕಂಡವರು ಬಲೂನಿನ ಕಡೆ ನೋಡಲಿಲ್ಲ, ಬಲೂನು ಉಬ್ಬಿಸಿದವರು ಹರಳಿನ ಕಡೆ ನೋಡಲಿಲ್ಲ. 1964ರಲ್ಲಿ ಜೇಮಿಸನ್ ಮತ್ತು ಪಲಾಡೆ ಆ ಹರಳುಗಳನ್ನು ಇನ್ನಷ್ಟು ಸ್ಪಷ್ಟವಾಗಿ ಚಿತ್ರಿಸಿದರು. ಉತ್ತರ ಮಾತ್ರ ದೊರೆಯಲಿಲ್ಲ.

ಎರಡು ತುಣುಕುಗಳನ್ನು ಕೂಡಿಸಿದವನು ಅರ್ಜೆಂಟೀನಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಅಡಾಲ್ಫೊ ಡಿ ಬೋಲ್ಡ್. ಪ್ರಯೋಗ ಎಷ್ಟು ಸರಳವೆಂದರೆ ಹೈಸ್ಕೂಲು ಹುಡುಗರಿಗೂ ವಿವರಿಸಬಹುದು, ನಾನು ವಿವರಿಸಿದ್ದುಂಟು. ಇಲಿಯ ಹೃತ್ಕರ್ಣವನ್ನು ಅರೆದು, ಸಾರ ತೆಗೆದು, ಇನ್ನೊಂದು ಇಲಿಯ ರಕ್ತನಾಳಕ್ಕೆ ಚುಚ್ಚಿದ. ಸ್ವಲ್ಪ ಹೊತ್ತಿನಲ್ಲಿಯೇ ಆ ಇಲಿಯ ಮೂತ್ರದ ಪ್ರಮಾಣ ಹತ್ತು ಪಟ್ಟು ಏರಿತು. ಅದರಲ್ಲಿ ಹೊರಬಿದ್ದ ಸೋಡಿಯಂ, ಎಂದರೆ ಉಪ್ಪಿನ ಅಂಶ, ಮೂವತ್ತು ಪಟ್ಟಿಗಿಂತ ಹೆಚ್ಚಾಯಿತು. ಕೆಳಕೋಣೆಯ ಸಾರವನ್ನು ಕೊಟ್ಟರೆ ಹೀಗಾಗಲಿಲ್ಲ. 1981ರಲ್ಲಿ ಈ ವರದಿ ಪ್ರಕಟವಾದಾಗ, ಗುಂಡಿಗೆಯೂ ಒಂದು ಗ್ರಂಥಿಯೆಂದು ಲೋಕ ಒಪ್ಪಬೇಕಾಯಿತು. ತನ್ನ ಗೋಡೆ ಹಿಗ್ಗಿದರೆ ಅದು ಮೂತ್ರಪಿಂಡಕ್ಕೆ ಬರೆಯುತ್ತದೆ: ನನ್ನ ಮೇಲಿನ ಹೊರೆ ಹೆಚ್ಚಾಯಿತು, ನೀರನ್ನೂ ಉಪ್ಪನ್ನೂ ಹೊರಗೆ ಹಾಕು, ಎಂದು. 1984ರಲ್ಲಿ ಜಪಾನಿನ ಕಂಗಾವಾ ಮತ್ತು ಮತ್ಸುವೋ ಮನುಷ್ಯನ ಹೃತ್ಕರ್ಣದ ಈ ಹಾರ್ಮೋನಿನಲ್ಲಿ 28 ಅಮೈನೋ ಆಮ್ಲಗಳಿವೆಯೆಂದು ಎಣಿಸಿದರು. ಇದಕ್ಕೆ ಎ.ಎನ್.ಪಿ. ಎಂದು ಹೆಸರು.

1988ರಲ್ಲಿ ಅವರ ತಂಡವೇ ಇದರ ತಂಗಿಯೊಂದನ್ನು ಹಂದಿಯ ಮಿದುಳಿನಲ್ಲಿ ಕಂಡಿತು. ಮಿದುಳಿನಲ್ಲಿ ಸಿಕ್ಕಿದ್ದರಿಂದ ಅದಕ್ಕೆ ಮಿದುಳಿನ ಹೆಸರನ್ನೇ ಸೇರಿಸಿ ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್, ಬಿ.ಎನ್.ಪಿ., ಎಂದರು. ಆಮೇಲೆ ನೋಡಿದರೆ ಅದು ಮುಖ್ಯವಾಗಿ ಹುಟ್ಟುವುದು ಹೃತ್ಕುಕ್ಷಿಯಲ್ಲಿ, ಅದರ ಗೋಡೆ ಹಿಗ್ಗಿದಾಗ! ಹಿಂದೆ ಎದೆಯ ರೋಗವನ್ನು ತಲೆಯ ರೋಗವೆಂದು ಕರೆದಂತೆಯೇ ಇಲ್ಲಿಯೂ ಎದೆಯ ಓಲೆಗೆ ತಲೆಯ ವಿಳಾಸ ಅಂಟಿಕೊಂಡಿತು. ರೂಢಿ ಬಿದ್ದ ಹೆಸರನ್ನು ಬಿಡಿಸುವುದು ವ್ಯಾಕರಣ ಬಲ್ಲವರಿಗೂ ಆಗದ ಕೆಲಸ. ಹೃದಯ ಮೊದಲು ತಯಾರಿಸುವುದು 108 ಅಮೈನೋ ಆಮ್ಲಗಳ ಸರ. ಅದು ಒಡೆದು 32ರ ಬಿ.ಎನ್.ಪಿ.ಯೂ 76ರ ಇನ್ನೊಂದು ತುಂಡೂ ಆಗುತ್ತದೆ. ಆ ಎರಡನೆಯದೇ ಪ್ರಯೋಗಶಾಲೆಯ ಚೀಟಿಗಳಲ್ಲಿ ಕಾಣುವ ಎನ್.ಟಿ.-ಪ್ರೋ-ಬಿ.ಎನ್.ಪಿ. ಅದಕ್ಕೆ ಔಷಧಗುಣವಿಲ್ಲ, ಆದರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯುವವರಿಗೆ ಅನುಕೂಲ.

ಈ ಓಲೆಯನ್ನು ಆಸ್ಪತ್ರೆಯ ಬಾಗಿಲಲ್ಲಿಯೇ ಓದಬಹುದೆಂದು 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ತೋರಿಸಿತು. ಉಸಿರು ಕಟ್ಟಿ ಬಂದ 1,586 ಮಂದಿಯ ರಕ್ತವನ್ನು ನೋಡಿದರು. ಉಬ್ಬಸದಿಂದಲೂ ಉಸಿರು ಕಟ್ಟುತ್ತದೆ, ಹೃದಯ ಸೋತರೂ ಕಟ್ಟುತ್ತದೆ. ಔಷಧ ಮಾತ್ರ ಬೇರೆ ಬೇರೆ. ಒಂದು ಮಿಲಿಲೀಟರಿನಲ್ಲಿ 100 ಪಿಕೊಗ್ರಾಂ ಎಂಬ ಗಡಿಯನ್ನಿಟ್ಟುಕೊಂಡಾಗ ನೂರಕ್ಕೆ ಸುಮಾರು 83 ಮಂದಿಯಲ್ಲಿ ನಿರ್ಣಯ ಸರಿಯಾಯಿತು. ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷಕೋಟಿಯಲ್ಲಿ ಒಂದು ಪಾಲು. ಪರೀಕ್ಷೆಗೆ ಅವರಿಟ್ಟ ಹೆಸರು "ಬ್ರೀದಿಂಗ್ ನಾಟ್ ಪ್ರಾಪರ್ಲಿ", ಸರಿಯಾಗಿ ಉಸಿರಾಡದಿರುವುದು. ಅದರ ಮೊದಲಕ್ಷರಗಳೂ ಬಿ.ಎನ್.ಪಿ.! ವೈದ್ಯರಲ್ಲಿಯೂ ಶ್ಲೇಷಪ್ರಿಯರಿದ್ದಾರೆ.

ಈಗ ತಂತಿಯನ್ನೂ ಓಲೆಯನ್ನೂ ಒಟ್ಟಿಗೆ ಹಿಡಿದು ಓದೋಣ. ಸ್ಟೋಕ್ಸ್ ಕಂಡ ಕತ್ತಿನ ಸಿರೆಯನ್ನು ನೆನೆಯಿರಿ. ಮೇಲ್ಕೋಣೆಗೂ ಕೆಳಕೋಣೆಗೂ ಸಂಪರ್ಕ ಕಡಿದಾಗ, ಕೆಲವೊಮ್ಮೆ ಕವಾಟ ಮುಚ್ಚಿರುವಾಗಲೇ ಮೇಲ್ಕೋಣೆ ಕುಗ್ಗುತ್ತದೆ. ಮುಚ್ಚಿದ ಬಾಗಿಲಿಗೆ ಹಣೆ ಚಚ್ಚಿದಂತೆ ರಕ್ತ ಹಿಂದಕ್ಕೆ ಚಿಮ್ಮಿ ಕತ್ತಿನ ಸಿರೆ ಉಬ್ಬುತ್ತದೆ. ಕೋಣೆಯ ಗೋಡೆ ಹಿಗ್ಗುತ್ತದೆ. ಕೆಳಕೋಣೆಯೊಂದನ್ನೇ ಬಡಿಯುವ ಹಳೆಯ ಬಗೆಯ ಪೇಸ್‌ಮೇಕರಿನಲ್ಲಿಯೂ ಈ ತೊಂದರೆ ಉಳಿದಿತ್ತು. ಅಂಥವರ ರಕ್ತದಲ್ಲಿ ಎ.ಎನ್.ಪಿ. ಹೆಚ್ಚಾಗಿರುತ್ತದೆಂದೂ, ಮೇಲೂ ಕೆಳಗೂ ತಾಳ ಕೂಡಿಸುವ ಎರಡು ತಂತಿಯ ಯಂತ್ರ ಇಟ್ಟರೆ ಇಳಿಯುತ್ತದೆಂದೂ ಮುಂದಿನ ಅಳತೆಗಳಲ್ಲಿ ಕಂಡಿತು. ಇನ್ನೊಂದು ಹಳೆಯ ಒಗಟೂ ಬಿಡಿಸಿತು. ಎದೆ ಇದ್ದಕ್ಕಿದ್ದಂತೆ ಅತಿ ವೇಗವಾಗಿ ಬಡಿಯತೊಡಗಿದ ರೋಗಿಗಳು ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ಲಂಡನ್ನಿನ ಪಾಲ್ ವುಡ್ ವಿವರವಾಗಿ ಬರೆದದ್ದು 1963ರಲ್ಲಿ ಪ್ರಕಟವಾಗಿತ್ತು. ಅದು ಬರಿಯ ಗಾಬರಿಯಿಂದಲ್ಲ. ಹಿಗ್ಗಿದ ಮೇಲ್ಕೋಣೆಗಳು ಆಗ ಎ.ಎನ್.ಪಿ.ಯನ್ನು ರಕ್ತಕ್ಕೆ ಬಿಡುತ್ತವೆ.

ಎಡಗವಲಿನ ವಿಷಯದಲ್ಲಿ ಪಣ ಇನ್ನೂ ದೊಡ್ಡದು. ಹೃದಯ ಸೋತವರಲ್ಲಿ ಗೆರೆ ಅಗಲವಾದಷ್ಟೂ ಬಿ.ಎನ್.ಪಿ. ಸಾಮಾನ್ಯವಾಗಿ ಏರಿರುತ್ತದೆ. ಎರಡೂ ಹೃತ್ಕುಕ್ಷಿಗಳನ್ನು ಜೊತೆಗೂಡಿಸಿ ಬಡಿಸುವ ಯಂತ್ರವನ್ನು ಇಟ್ಟರೆ ತೇರು ನೆಟ್ಟಗೆ ಸಾಗೀತೆಂದು 1990ರ ದಶಕದಲ್ಲಿ ಯತ್ನಿಸಿದರು. 2005ರಲ್ಲಿ ಯೂರೋಪಿನ ಒಂದು ಪರೀಕ್ಷೆಯ ಫಲ ಹೊರಬಿತ್ತು. ಗೆರೆ ಅಗಲವಾಗಿದ್ದ 813 ಮಂದಿಯಲ್ಲಿ, ಔಷಧವನ್ನಷ್ಟೇ ಪಡೆದವರಲ್ಲಿ ನೂರಕ್ಕೆ 30 ಮಂದಿ ತೀರಿಕೊಂಡರೆ, ಯಂತ್ರವನ್ನೂ ಪಡೆದವರಲ್ಲಿ 20 ಮಂದಿ ತೀರಿಕೊಂಡರು. ಯಂತ್ರವಿದ್ದವರ ರಕ್ತದಲ್ಲಿ ಎನ್.ಟಿ.-ಪ್ರೋ-ಬಿ.ಎನ್.ಪಿ.ಯೂ ಇಳಿದಿತ್ತು. ನೂರರಲ್ಲಿ ಹತ್ತು ಮನೆಗಳ ದೀಪ ಆರದೆ ಉಳಿಯಿತೆಂದರೆ ಸಾಮಾನ್ಯವೇ?

ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಬಂದಿತ್ತು. 2002ರಲ್ಲಿ ಅಮೆರಿಕದಲ್ಲಿ, ಹೃದಯ ದುರ್ಬಲವಾಗಿದ್ದರೂ ನಾಡಿ ನಿಧಾನವಾಗಿರದ 506 ಮಂದಿಯನ್ನು ನೋಡಿದಾಗ, ಪೇಸ್‌ಮೇಕರ್ ಬಲಗಡೆಯಿಂದ ಹೆಚ್ಚಾಗಿ ಬಡಿದವರೇ ಹೆಚ್ಚು ಕೆಟ್ಟರು. ನಾಡಿಯ ಎಣಿಕೆ ಸರಿಯಾಗಿತ್ತು, ತೇರು ಓಲಾಡುತ್ತಿತ್ತು. ಹಾಗಾದರೆ ಯಂತ್ರದ ತಂತಿಯನ್ನು ಪ್ರಕೃತಿಯ ದಾರಿಗೇ ಏಕೆ ಜೋಡಿಸಬಾರದು? 2000ದಲ್ಲಿ ದೇಶಮುಖ್ ಮತ್ತು ಸಂಗಡಿಗರು ಹಿಸ್‌ನ ಎಳೆಗಟ್ಟಿಗೇ ತಂತಿ ಊರಿ, ಅದನ್ನು ಮನುಷ್ಯರಲ್ಲಿ ಶಾಶ್ವತವಾಗಿ ನಡೆಸಬಹುದೆಂದು ವರದಿ ಮಾಡಿದರು. 2017ರಲ್ಲಿ ಚೀನಾದ ವೈದ್ಯರು ಎಡಗವಲನ್ನೇ ಮುಟ್ಟುವ ಉಪಾಯವನ್ನು ಪ್ರಕಟಿಸಿದರು. ಮಾರ್ಬುರ್ಗಿನಲ್ಲಿ ತವಾರಾ ಪದರ ಪದರವಾಗಿ ಕೊಯ್ದು ನೋಡಿದ ನಕ್ಷೆಯೇ ಇಂದು ಅವರಿಗೆ ದಾರಿ ತೋರಿಸುತ್ತಿದೆ.

ಓಲೆಯನ್ನು ಓದುವುದಕ್ಕೂ ವಿವೇಕ ಬೇಕು. ವಯಸ್ಸಾದಂತೆ ಈ ಅಂಕಿ ತಾನಾಗಿ ಏರುತ್ತದೆ. ಮೂತ್ರಪಿಂಡ ಕೆಟ್ಟರೂ ಏರುತ್ತದೆ. ಮೇಲ್ಕೋಣೆಗಳು ಲಯ ತಪ್ಪಿ ನಡುಗುವವರಲ್ಲಿಯೂ ಏರುತ್ತದೆ. ಸ್ಥೂಲಕಾಯರಲ್ಲಿ ಹೃದಯ ದಣಿದಿದ್ದರೂ ಅಂಕಿ ಕಡಮೆ ತೋರಬಹುದು. 2015ರಿಂದ ಬಳಕೆಗೆ ಬಂದಿರುವ ಸಕ್ಯುಬಿಟ್ರಿಲ್ ಸೇರಿದ ಮಾತ್ರೆಯನ್ನು ನುಂಗುತ್ತಿರುವವರ ಲೆಕ್ಕವೂ ಬೇರೆ. ಆ ಮಾತ್ರೆ ಬಿ.ಎನ್.ಪಿ. ಒಡೆದುಹೋಗದಂತೆ ತಡೆಯುತ್ತದೆ; ಆದ್ದರಿಂದ ಔಷಧ ಗುಣ ಕೊಡುತ್ತಿದ್ದರೂ ಬಿ.ಎನ್.ಪಿ. ಏರಿದಂತೆ ಕಾಣುತ್ತದೆ. ಎನ್.ಟಿ.-ಪ್ರೋ-ಬಿ.ಎನ್.ಪಿ.ಗೆ ಆ ತೊಡಕಿಲ್ಲ. ಆದಕಾರಣ ರಕ್ತಪರೀಕ್ಷೆಗೆ ಹೋಗುವಾಗ ಹಳೆಯ ಇ.ಸಿ.ಜಿ. ಕಾಗದವನ್ನೂ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಕೈಯಲ್ಲಿ ಹಿಡಿದು ಹೋಗಿ. ಚೀಟಿಯಲ್ಲಿ ಬರೆದಿರುವುದು ಎರಡರಲ್ಲಿ ಯಾವ ಪರೀಕ್ಷೆಯೆಂದು ಕೇಳಿ ತಿಳಿದುಕೊಳ್ಳಿ. ಹಿಂದಿನ ಸಲದ ಅಂಕಿಯೊಡನೆ ಹೋಲಿಸಿ ನೋಡಬೇಕಾದರೆ ಎರಡು ಸಲವೂ ಒಂದೇ ಪರೀಕ್ಷೆಯಾಗಿರಬೇಕು.